ತೇಲುವುದಕ್ಕೆ ನಾಲ್ಕನೆಯ ಚೀಟಿ

ಮೇ ೧೪, ಮಂಗಳವಾರ

ಗುಬ್ಬಿಯ ಅಪ್ಪನಿಗೆ,

ಕ್ಷೇಮ ಕೇಳುವಷ್ಟು ತಾಳ್ಮೆ ಇವತ್ತು ನನಗಿಲ್ಲ. ರಜೆಗೆಂದು ನಿಮ್ಮ ಮನೆಗೆ ಬಂದಿರುವ ಮಗಳು ಗುಬ್ಬಿಯನ್ನು ಆಳದ ನೀರಿಗೆ ಇಳಿಸಲು ಅಮ್ಮನ ಸಹಿ ಬೇಕೆಂದು ಮೂರನೇ ಸಲ ಫಾರಂ ಕಳಿಸಿದ್ದೀರಿ. ಎರಡು ಸಲ ಖಾಲಿಯಾಗಿ ವಾಪಸು ಬಂದರೂ ಅರ್ಥವಾಗಲಿಲ್ಲವೇ? ನೀವು ಈಜು ಕಲಿಸುವ ಮೇಷ್ಟರೇ ಇರಬಹುದು. ಆದರೆ ಹೋದ ವರ್ಷ ಹೇಳದೆ ಕೇಳದೆ ನೀವು ಅವಳನ್ನು ಹಿಡಿದಿದ್ದ ಕೈ ತೆಗೆದಾಗ ಅವಳು ನೀರು ಕುಡಿದು ಕೆಮ್ಮಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಾನು ಮನೆ ಬಿಟ್ಟದ್ದು ಅದರ ಮರುದಿನವೇ.

ನನ್ನ ತಲೆನೋವು ನನಗೆ. ನಿಘಂಟಿನ ಕಚೇರಿಯಲ್ಲಿ ಈ ಸಲ ನನ್ನ ಪಾಲಿಗೆ ಬಂದ ಇಂಗ್ಲಿಷ್ ಪದ ‘ಫ್ಲೋಟ್’. ನನ್ನನ್ನು ಕಾಡಲೆಂದೇ ಬಂದಂತಿತ್ತು. ‘ಮುಳುಗದೆ ಇರುವುದು’ ಎಂದು ಚೀಟಿಯಲ್ಲಿ ಅರ್ಥ ಬರೆದುಕೊಟ್ಟೆ. ಸಂಪಾದಕರು ಕೆಂಪು ಶಾಯಿಯಲ್ಲಿ ಗೀಚಿ, “ದಡದಲ್ಲಿರೋ ಕಲ್ಲೂ ಮುಳುಗಲ್ಲ ಕಣಮ್ಮ, ಅದೇನು ತೇಲ್ತಾ ಇದೆಯಾ?” ಎಂದು ಚೀಟಿ ವಾಪಸು ಕೊಟ್ಟರು. ಮೂರು ಸಲ ಬರೆದೆ, ಮೂರು ಸಲವೂ ಎಲ್ಲಿಂದಲೋ ‘ಮುಳುಗು’ ಬಂದು ಕೂತಿತು. ಸಿಟ್ಟಿಗೆ ಪೆನ್ನಿನ ನಿಬ್ಬೇ ಬಗ್ಗಿಹೋಯಿತು.

ಹಟಕ್ಕೆ ಬಿದ್ದು ಮೂಲ ಹುಡುಕಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ಫ್ಲೋಟಿಯನ್’. ಹರಿಯುವುದಕ್ಕೆ ಹೇಳುವ ‘ಫ್ಲೋ’, ಹಡಗಿನ ದಂಡಿಗೆ ಹೇಳುವ ‘ಫ್ಲೀಟ್’, ಎಲ್ಲವೂ ಒಂದೇ ಬೇರಿನ ದಾಯಾದಿಗಳು. ಆ ವಂಶದಲ್ಲಿ ಎಲ್ಲೂ ಮುಳುಗುವ ಮಾತಿಲ್ಲ. ಅದನ್ನು ತಂದು ತುರುಕಿದವಳು ನಾನೇ.

ನಮ್ಮಲ್ಲಿನ ನಿಯಮ ನಿಮಗೂ ಗೊತ್ತು. ಕ್ರಿಯಾಪದ ಬರೆಯುವವರು ಆ ಕೆಲಸವನ್ನು ಕಣ್ಣಾರೆ ನೋಡಿ, ಕಂಡದ್ದನ್ನೇ ಉದಾಹರಣೆಯಾಗಿ ಕೊಡಬೇಕು. ನಿನ್ನೆ ಸಂಜೆ ಒಂದು ಕಡೆ ಹೋಗಿ ನೋಡಿಬಂದೆ. ಎಲ್ಲಿಗೆಂದು ಕೇಳಬೇಡಿ. ಇವತ್ತು ನಾಲ್ಕನೆಯ ಚೀಟಿಯನ್ನು ಸಂಪಾದಕರು ಒಂದೂ ಕೆಂಪು ಗೀಟು ಹಾಕದೆ ಒಪ್ಪಿದರು.

ನಿಮ್ಮ ಮೇಲಿನ ಸಿಟ್ಟು ಇಳಿಯಿತೆಂದು ಹಿಗ್ಗಬೇಡಿ. ಅವಳ ತಲೆ ಸರಿಯಾಗಿ ಒರೆಸಿ, ನಿನ್ನೆಯಂತೆ ಅರೆಬರೆ ಅಲ್ಲ. ಬಲಗಿವಿಯಲ್ಲಿ ನೀರು ನಿಲ್ಲುತ್ತದೆ.

ಇಂತಿ,
ಗುಬ್ಬಿಯ ಅಮ್ಮ

ಮತ್ತೆ: ಚೀಟಿಗೆ ನಾನು ಕೊಟ್ಟ ವಾಕ್ಯ ಇದು. ‘ಬೆನ್ನಡಿಯಿಂದ ಅಪ್ಪ ಕೈ ತೆಗೆದದ್ದು ಮಗಳಿಗೆ ಗೊತ್ತೇ ಆಗಲಿಲ್ಲ, ಅವಳು ಕಣ್ಣು ಮುಚ್ಚಿಕೊಂಡು ತೇಲುತ್ತಲೇ ಇದ್ದಳು.’ ಫಾರಂ ಇದರ ಜೊತೆಗಿದೆ, ಸಹಿ ಹಾಕಿದ್ದೇನೆ. ನಿನ್ನೆ ಅಷ್ಟು ಹೊತ್ತು ಈಜುಕೊಳದ ಹೊರಗಿನ ಕಂಬಿ ಬಿಗಿಹಿಡಿದು ನಿಂತಿದ್ದಕ್ಕೆ ಬೆರಳುಗಳು ಇನ್ನೂ ನೋಯುತ್ತಿವೆ. ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಳ್ಳಿ.