ಕೊತ್ತಂಬರಿಗೆ ಐದು ನಿಮಿಷ

ಕುಷ್ಟಗಿ
ಶುಕ್ರವಾರ, 12 ಸೆಪ್ಟೆಂಬರ್ 2025

ಪ್ರೀತಿಯ ಮಗಳು ಭವಾನಿಗೆ,

ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕೂತು, ನಡುನಡುವೆ ಗಿರಾಕಿಗಳಿಗೆ ಸಕ್ಕರೆ ತೂಗಿ ಕೊಡುತ್ತಾ, ನಿನ್ನ ಅಪ್ಪ ಕಳಕಪ್ಪ ಮಾಡುವ ಆಶೀರ್ವಾದಗಳು.

ಆರೋಗ್ಯ ಹೇಗಿದೆ ನನ್ನವ್ವಾ? ಐರ್ಲೆಂಡಿನಲ್ಲಿ ಈಗಲೇ ಚಳಿ ಶುರುವಾಗಿದೆ ಅಂದಿದ್ದೆ. ಕಿವಿಗೆ ಗಾಳಿ ಹೊಗದಂತೆ ಕಟ್ಟಿಕೊ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವಳು ಮೊಬೈಲು ಹಿಡಿದು ಕೂಡದೆ ಮಲಗು. ಊರಿನ ಮಂದಿಯ ಬಿಪಿ ನೋಡುವ ನರ್ಸಮ್ಮ ತನ್ನ ಮೈ ನೋಡಿಕೊಳ್ಳದಿದ್ದರೆ ಏನು ಬಂತು? ನಾವು ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಅವ್ವನ ಮೊಣಕಾಲು ನೋವು ಅರ್ಧ ಇಳಿದಿದೆ; ಉಳಿದರ್ಧ ನಾನು ಏನಾದರೂ ಕೆಲಸ ಹೇಳಿದಾಗ ಮಾತ್ರ ಏಳುತ್ತದೆ. ನನಗೆ ಯಾವ ಜಡ್ಡೂ ಇಲ್ಲ. ಮನೆಯ ಸಾರು ಮಾತ್ರ ಈಚೆಗೆ ಬರೀ ಹುಣಸೆಹುಳಿಯದಾಗಿ ಹಲ್ಲು ಚುಳ್ ಎನ್ನುತ್ತಿವೆ. ಅದರ ಕಾರಣ ಕೊನೆಯಲ್ಲಿ ಹೇಳುತ್ತೇನೆ. ಫೋನು ಇರುವಾಗ ಅಪ್ಪನಿಗೆ ಪತ್ರ ಬರೆಯುವ ಹುಚ್ಚು ಯಾಕೆ ಹತ್ತಿತು ಎಂದು ನಗಬೇಡ. ಭಾನುವಾರ ನೀನು ಫೋನು ಮಾಡಿದರೆ ನನ್ನ ಕೈಗೆ ಅದು ಬರುವುದು ಎರಡು ನಿಮಿಷ. ಉಳಿದ ಹೊತ್ತೆಲ್ಲಾ ನಿನ್ನ ಅವ್ವ ಶೇಖರಮ್ಮನವರದೇ ದರಬಾರು. ಮೇಲಾಗಿ ನಾನು ಹೇಳಬೇಕಾದ ಒಂದು ಮಾತು ಅವಳ ಎದುರಿಗೆ ಹೇಳುವಂಥದ್ದಲ್ಲ. ಅಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗ ಅಸ್ಲಮ ರಜೆ ಮುಗಿಸಿ ವಾಪಸು ನಿನ್ನ ಊರಿಗೇ ಹೊರಟಿದ್ದಾನೆ. ಅವನ ಚೀಲದಲ್ಲಿ ರೊಟ್ಟಿಯ ಗಂಟಿನ ಜೊತೆ ಇದೂ ಬರುತ್ತದೆ.

ಈಗ ಊರಿನ ಸುದ್ದಿ ಕೇಳು. ನಿನ್ನ ಅಪ್ಪ ಈಗ ಕುಷ್ಟಗಿಯಲ್ಲಿ ಸಣ್ಣ ಮನುಷ್ಯನಲ್ಲ. ನೀನು ಪ್ರತಿ ಭಾನುವಾರ ನನಗೆ ಅಲ್ಲಿಯ ದರ ಹೇಳುತ್ತಿದ್ದೆಯಲ್ಲ, ಹಾಲು ಇಷ್ಟು, ತತ್ತಿ ಇಷ್ಟು, ಐದು ಕಿಲೋ ಅಕ್ಕಿ ಇಷ್ಟು ಎಂದು, ಅದನ್ನು ನಾನು ಯೂರೋಗೆ ನೂರು ರೂಪಾಯಿ ಎಂದು ಹಿಡಿದು ನೂರರಿಂದ ಗುಣಿಸಿ ಸೋಮವಾರ ಅಂಗಡಿಯಲ್ಲಿ ಹೇಳತೊಡಗಿದೆ. ಮೊದಲ ಸಲ ಹೇಳಿದ್ದು ಕೊತ್ತಂಬರಿಯದು. ಇಲ್ಲಿ ಹತ್ತು ರೂಪಾಯಿಗೆ ಬರುವ ಕಟ್ಟು ಅಲ್ಲಿ ನೂರಿಪ್ಪತ್ತು ಅಂದಾಗ, ಬೆಲ್ಲ ಕಟ್ಟಿಸಿಕೊಳ್ಳುತ್ತಿದ್ದ ಹೆಂಗಸರು ಬೆಲ್ಲ ಮರೆತು ನಿಂತುಬಿಟ್ಟರು. ಆ ಮೇಲೆ ಅದೊಂದು ಚಟವಾಯಿತು. ಏಪಿಎಂಸಿಯ ಧಾರಣಿ ಕೇಳಿದ ಹಾಗೆ ಮಂದಿ ಬಂದು ಐರ್ಲೆಂಡಿನ ಧಾರಣಿ ಕೇಳುತ್ತಿದ್ದರು. ಬೆಂಡೆಕಾಯಿಯ ದರ ಹೇಳಿದ ದಿನವಂತೂ ರಿಟೈರಾದ ಕಂಡಕ್ಟರ್ ಆದೆಪ್ಪ ಎರಡು ಸಲ ಹೇಳಿಸಿಕೊಂಡ. ನಮ್ಮ ಗಂಗಾವತಿಯ ಸೋನಾ ಮಸೂರಿ ಅಕ್ಕಿಯನ್ನೇ ನೀನು ಅಲ್ಲಿ ನಾಲ್ಕು ಪಟ್ಟು ಕೊಟ್ಟು ಕೊಂಡೆ ಎಂದಾಗ, ಅಕ್ಕಿಗೂ ವಿಮಾನದ ಟಿಕೆಟ್ ತೆಗೆಸಿದ್ದಾರೆ ಎಂದು ನಕ್ಕ. ನನಗೆ ಇದರಿಂದ ಲಾಭವೂ ಆಯಿತು. ಯಾರಾದರೂ ಶೇಂಗಾ ಎಣ್ಣೆ ತುಟ್ಟಿ ಎಂದು ಮೂಗು ಮುರಿದರೆ ಐರ್ಲೆಂಡಿನ ದರ ಒಂದು ಹೇಳುತ್ತಿದ್ದೆ, ಬಾಯಿ ಮುಚ್ಚಿ ರೊಕ್ಕ ಕೊಡುತ್ತಿದ್ದರು. ಆದೆಪ್ಪನಿಗೆ ಮಾತ್ರ ಈ ಮದ್ದು ನಾಟಲಿಲ್ಲ. “ಅಲ್ಲೀ ರೇಟು ಹೇಳೂ ಮುಂದ ಅಲ್ಲೀ ಪಗಾರಾನೂ ಕೊಡ್ರಿ ಮತ್ತ” ಎಂದು ಉದ್ರಿ ಬರೆಸಿ ಹೋದ.

ಹೀಗೆ ನನ್ನ ದರಬಾರು ಜೋರಾಗಿ ನಡೆದಿದ್ದಾಗ, ಹೋದ ತಿಂಗಳು ಒಂದು ಭಾನುವಾರ ನೀನು ವಿಡಿಯೋದಲ್ಲಿ ಊಟ ಮಾಡುತ್ತಾ ಮಾತಾಡಿದೆ. ತಟ್ಟೆಯಲ್ಲಿ ಅನ್ನ, ಅಂಚಿಗೆ ಉಪ್ಪಿನಕಾಯಿ, ಅಷ್ಟೇ. ಪಲ್ಯ ಎಲ್ಲಿ, ಸಾರು ಎಲ್ಲಿ ಎಂದು ನಿನ್ನ ಅವ್ವ ಕೇಳಿದ್ದಕ್ಕೆ ನೀನು ನಗುತ್ತಾ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. “ಟೊಮೆಟೊ ಕೈಯಾಗ ಹಿಡದಿದ್ನವ್ವಾ, ನೂರ್ಲೆ ಗುಣಿಸಿದೆ, ಮತ್ತ ಅಲ್ಲೇ ಇಟ್ಟು ಬಂದೆ.” ನಾನೂ ನಕ್ಕೆ. ನನ್ನ ಮಗಳು ದುಂದು ಮಾಡುವವಳಲ್ಲ, ವ್ಯಾಪಾರಸ್ಥನ ಮಗಳು ಅಂದರೆ ಹೀಗಿರಬೇಕು ಎಂದು ಸೋಮವಾರ ಅಂಗಡಿಯಲ್ಲಿ ಅದನ್ನೂ ಹೇಳಿ ಮೆರೆದೆ. ಅವ್ವ ಮಾತ್ರ ನಗಲಿಲ್ಲ. ಫೋನು ಇಟ್ಟವಳೇ ದೇವರ ಕೋಣೆಗೆ ಹೋದಳು.

ಆ ವಾರವೇ ಭೀಮಕ್ಕ ಬಂದಳು. ಭೀಮಕ್ಕ ನಿನಗೆ ಗೊತ್ತಲ್ಲ, ಸೂರ್ಯ ಮುಳುಗುವ ಹೊತ್ತಿಗೆ ಹೊಲದಿಂದ ಬಂದು ಚಹಾಪುಡಿ, ಸಕ್ಕರೆ ಒಯ್ಯುವವಳು. ನೀನು ಸಣ್ಣವಳಿದ್ದಾಗ ನಿನ್ನನ್ನು ಸೊಂಟದ ಮೇಲೆ ಕೂಡಿಸಿಕೊಂಡು ಸಂತೆಯೆಲ್ಲಾ ತಿರುಗಿಸಿದವಳು. ಅವತ್ತು ಸೆರಗಿನಲ್ಲಿ ಏನೋ ಗಂಟು ಕಟ್ಟಿಕೊಂಡು ಬಂದು, ಗಿರಾಕಿಗಳೆಲ್ಲಾ ಹೋಗುವವರೆಗೆ ಒಂದು ಮಗ್ಗುಲಿಗೆ ನಿಂತಳು. ಉದ್ರಿ ಕೇಳಲು ನಾಚುತ್ತಿದ್ದಾಳೆ ಎಂದುಕೊಂಡೆ. ಎಲ್ಲರೂ ಹೋದ ಮೇಲೆ ಗಂಟು ಬಿಚ್ಚಿ ಗಲ್ಲೆಯ ಮೇಲೆ ಇಟ್ಟಳು. ತೊಳೆದು, ಬೇರು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ದಪ್ಪ ಕಟ್ಟು ಕೊತ್ತಂಬರಿ. “ಸಾವ್ಕಾರ್ರ, ಇದನ್ನ ಭವಾನಿಗೆ ಕಳಸ್ರಿ. ಕೂಸು ಅಷ್ಟು ರೊಕ್ಕ ಕೊಟ್ಟು ಎಲ್ಲಿ ತಿಂತೈತಿ, ಪಾಪ” ಅಂದಳು.

ಭವಾನಿ, ನನಗೆ ಹೇಗಾಗಿರಬೇಡ. ನಾನು ಊರು ಬೆರಗಾಗಲಿ ಎಂದು ದರ ಹೇಳುತ್ತಿದ್ದರೆ, ಊರು ನನ್ನ ಮಗಳನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿತ್ತು. ಆಮೇಲೆ ವಿಚಾರಿಸಿದರೆ ಭೀಮಕ್ಕ ಒಬ್ಬಳೇ ಅಲ್ಲ. ನಮ್ಮ ಓಣಿಯ ಹಜರತಬೀ ಅಮ್ಮನೂ ಇಷ್ಟು ಪುದೀನ ಒಣಗಿಸಿ ಕೊಟ್ಟಿದ್ದಾಳೆ. ಲಕ್ಷ ಲಕ್ಷ ದುಡಿಯುವ ಹುಡುಗಿಗೆ ಕುಷ್ಟಗಿಯ ಕೂಲಿ ಹೆಣ್ಣುಮಕ್ಕಳು ಕೊತ್ತಂಬರಿ ದಾನ ಮಾಡುತ್ತಿದ್ದಾರೆ. ನನಗೆ ನಗು, ನಾಚಿಕೆ ಎರಡೂ ಒಟ್ಟಿಗೆ ಬಂದವು. ಭೀಮಕ್ಕನನ್ನು ಹಾಗೆಯೇ ಕಳಿಸಬಾರದೆಂದು ಅವಳನ್ನು ಕೂಡಿಸಿ, ಚಹಾ ತರಿಸಿ, ನಿನ್ನ ಸಂಬಳ ಬಿಡಿಸಿ ಹೇಳಿದೆ. ನಮ್ಮ ಅಪ್ಪನ ಕಾಲದಲ್ಲಿ ಈ ಗಲ್ಲೆಯ ಮೇಲೆ ಒಂದು ಪದ್ಧತಿ ಇತ್ತು. ಯಾವುದಾದರೂ ವಸ್ತು ತುಟ್ಟಿಯೋ ಸೋವಿಯೋ ಎಂದು ಕೇಳಿದರೆ ಅವರು ರೂಪಾಯಿ ಹೇಳುತ್ತಿರಲಿಲ್ಲ. ಅದಕ್ಕೆ ಒಂದು ಆಳು ಎಷ್ಟು ಹೊತ್ತು ದುಡಿಯಬೇಕು ಎಂದು ಹೇಳುತ್ತಿದ್ದರು. ಆ ಪದ್ಧತಿಯನ್ನೇ ಹಿಡಿದೆ. ಭೀಮಕ್ಕನಿಗೆ ದಿನಕ್ಕೆ ಮುನ್ನೂರು ಕೂಲಿ. ಒಂದು ಕಟ್ಟು ಕೊತ್ತಂಬರಿಗೆ ಅವಳು ಕಾಲು ತಾಸು ಬಗ್ಗಿ ಕಳೆ ತೆಗೆಯಬೇಕು. ನಿನಗೆ, ಸರಕಾರ ತೆರಿಗೆ ಹಿಡಿದುಕೊಂಡ ಮೇಲೂ, ಐದು ನಿಮಿಷದ ಕೆಲಸ. ಒಬ್ಬ ರೋಗಿಯ ಬಿಪಿ ನೋಡಿ ಬರೆದಿಡುವಷ್ಟು ಹೊತ್ತು. ಲೀಟರ್ ಹಾಲಿಗೆ ಭೀಮಕ್ಕನಿಗೆ ತಾಸಿನ ಮೇಲೆ ಬೇಕು, ನಿನಗೆ ಅದೇ ಐದು ನಿಮಿಷ. ಕಿಲೋ ಟೊಮೆಟೊಗೆ ನಿನಗೆ ಕಾಲು ತಾಸೂ ಬೇಡ, ಅವಳಿಗೆ ಮುಕ್ಕಾಲು ತಾಸು. ಇಷ್ಟು ಹೇಳಿ, ಹೇಗೆ ನನ್ನ ಮಗಳು ಎಂದು ಮೀಸೆ ತಿರುವುವವನಿದ್ದೆ. ಭೀಮಕ್ಕ ಚಹಾದ ಲೋಟ ಕೆಳಗಿಟ್ಟು ಕೇಳಿದಳು: “ಹಂಗಿದ್ರ ಕೂಸು ಯಾಕ ತಿನ್ನವಲ್ದ್ರಿ?”

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನೀನು. ಅದಕ್ಕೇ ಈ ಪತ್ರ.

ನೋಡವ್ವಾ, ನೀನು ಅಲ್ಲಿ ದುಡಿಯುವುದು ಯೂರೋದಲ್ಲಿ, ಉಣ್ಣುವುದು ಮಾತ್ರ ರೂಪಾಯಿಯಲ್ಲಿ. ಪಗಾರ ಬಂದ ದಿನ ನೂರರಿಂದ ಗುಣಿಸಿ ಸಾಹುಕಾರಳಾಗುತ್ತಿ, ಮರುದಿನ ಕಾಯಿಪಲ್ಯದ ಮುಂದೆ ನಿಂತು ನೂರರಿಂದ ಗುಣಿಸಿ ಬಡವಳಾಗುತ್ತಿ. ಸಾಹುಕಾರಿಕೆ ತಿಂಗಳಿಗೆ ಒಂದು ದಿನ, ಬಡತನ ಉಳಿದ ದಿನವೆಲ್ಲಾ. ಇದೇ ಗಲ್ಲೆಯ ಮೇಲೆ ನಿನ್ನನ್ನು ಕೂಡಿಸಿ ಇಪ್ಪತ್ತರತನಕ ಮಗ್ಗಿ ಬಾಯಿಪಾಠ ಮಾಡಿಸಿದವನು ನಾನು. ಹೊಟ್ಟೆಗೆ ಕತ್ತರಿ ಹಾಕಲು ಅದನ್ನು ಬಳಸುತ್ತಿ ಎಂದು ಗೊತ್ತಿದ್ದರೆ ಎರಡರ ಮಗ್ಗಿಗೇ ನಿಲ್ಲಿಸುತ್ತಿದ್ದೆ. ಮನೆಬಾಡಿಗೆಯ ಮಾತು ಬೇರೆ, ಒಪ್ಪುತ್ತೇನೆ. ಒಂದು ಕೋಣೆಗೆ ನೀನು ಕೊಡುವ ಬಾಡಿಗೆಗೆ ನಮ್ಮ ಬಸ್‌ಸ್ಟ್ಯಾಂಡಿನ ಮುಂದಿನ ಮಳಿಗೆಯ ಸಾಲೇ ಬಂದೀತು. ಅದನ್ನು ನಿಮಿಷದಲ್ಲಿ ಹೇಳಿದರೂ ಎದೆ ಝಲ್ ಎನ್ನುತ್ತದೆ. ಬಸ್ಸಿನ ಪಾಸು, ಕರೆಂಟು, ಚಳಿಗಾಲದ ಕೋಟು ಇವೂ ಹಗುರಲ್ಲ. ಅದರಲ್ಲಿ ನೀನು ಕೈ ಬಿಗಿ ಹಿಡಿ, ಬೇಡ ಎನ್ನುವುದಿಲ್ಲ. ಆದರೆ ಬಾಡಿಗೆಯ ಸಿಟ್ಟನ್ನು ಟೊಮೆಟೊ ಮೇಲೆ ತೀರಿಸಬೇಡ. ನೀನು ತಿಂಗಳಾ ಮನೆಗೆ ಕಳಿಸುವ ರೊಕ್ಕದಲ್ಲಿ ನಾವು ಮುಟ್ಟಿದ್ದು ಬಹಳ ಕಡಿಮೆ. ಅಂಗಡಿ ಚೆನ್ನಾಗಿ ನಡೆದಿದೆ, ಯಾರ ಸಾಲವೂ ಇಲ್ಲ, ನಿನ್ನ ಅವ್ವನಿಗೆ ಹೊಸ ಸೀರೆ ತೆಗೆದುಕೊ ಎಂದರೂ ಹಳೆಯವೇ ಬೀರುವಿನಲ್ಲಿ ಉಸಿರುಗಟ್ಟುತ್ತಿವೆ ಎನ್ನುತ್ತಾಳೆ. ಇನ್ನು ಮೇಲೆ ಕಳಿಸುವುದರಲ್ಲಿ ಅರ್ಧ ಉಳಿಸಿಕೊಂಡು ಹೊಟ್ಟೆ ತುಂಬ ತಿನ್ನು. ಅಂಗಡಿಯಲ್ಲಿ ಏನೇ ಕೈಗೆ ತೆಗೆದುಕೊಂಡರೂ ನೂರರ ಮಗ್ಗಿ ಬಿಟ್ಟು, ಇದಕ್ಕೆ ಎಷ್ಟು ನಿಮಿಷ ಎಂದು ಕೇಳಿಕೊ. ನಿಮ್ಮ ಅಜ್ಜನ ಪದ್ಧತಿ ಅದು, ಐರ್ಲೆಂಡಿನಲ್ಲೂ ನಡೆಯುತ್ತದೆ.

ಅಸ್ಲಮನ ಕೈಯಲ್ಲಿ ಕಳಿಸಿದ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಇವೆ. ತುಪ್ಪ, ಪೇಡೆ ಅಲ್ಲಿ ಬಿಡುವುದಿಲ್ಲ ಎಂದು ಅವನು ಮೊದಲೇ ಕೈ ಮುಗಿದ. ಇಷ್ಟೇ ಕಿಲೋ ಎಂದು ಹಟ ಹಿಡಿದಿದ್ದ. ಅವನ ಎದುರಿಗೇ ತಕ್ಕಡಿಯಲ್ಲಿ ತೂಗಿ, ಅವನು ಆಚೆ ನೋಡಿದಾಗ ಕೊಸರು ಅಂತ ಒಂದು ಮುಷ್ಟಿ ಹೆಚ್ಚಿಗೆ ಹಾಕಿದ್ದೇನೆ. ಭೀಮಕ್ಕನ ಕೊತ್ತಂಬರಿ ಹಸಿಯಾಗಿ ನಿನ್ನತನಕ ಮುಟ್ಟುವುದಿಲ್ಲವಲ್ಲ, ಅದನ್ನು ಅವ್ವ ನೆರಳಿನಲ್ಲಿ ಒಣಗಿಸಿ, ಕರಿಬೇವಿನ ಜೊತೆ ಕುಟ್ಟಿ ಪುಡಿ ಮಾಡಿದ್ದಾಳೆ. ಹಸಿರು ಮುಚ್ಚಳದ ಡಬ್ಬಿ ಅದೇ. ಹಜರತಬೀ ಅಮ್ಮನ ಪುದೀನ ಚೀಟಿಯಲ್ಲಿ ಕಟ್ಟಿದ್ದು. ಇಬ್ಬರಿಗೂ ಭಾನುವಾರ ಒಂದು ಮಾತು ಆಡು, ಅಂಗಡಿಗೆ ಕರೆಸುತ್ತೇನೆ. ಐರ್ಲೆಂಡಿನ ಧಾರಣಿ ಹೇಳುವುದನ್ನು ನಾನು ನಿಲ್ಲಿಸಿಬಿಟ್ಟೆ. ಆದೆಪ್ಪನಿಗೆ ಮಾತ್ರ ಅದು ಸೇರಿಲ್ಲ, ಗಲ್ಲೆಯ ಮುಂದೆ ನಿಂತು ಗೊಣಗುತ್ತಾನೆ.

ಅವ್ವ ಹೇಳು ಅಂದ ಮಾತುಗಳು: ತಲೆಗೆ ಎಣ್ಣೆ ಹಚ್ಚು, ಒದ್ದೆ ಕೂದಲು ಕಟ್ಟಬೇಡ, ರೊಟ್ಟಿ ಗೆಳತಿಯರಿಗೆ ಹಂಚಿ ನೀನು ಖಾಲಿ ಕೂಡಬೇಡ. ನನ್ನ ಮಾತು ಮೇಲೆ ಬರೆದದ್ದೆಲ್ಲಾ. ಮೈ ತುಂಬಿಕೊಂಡು, ನಗುನಗುತ್ತಾ, ನೂರು ವರ್ಷ ಬಾಳು ತಾಯಿ.

ನಿನ್ನ ಅಪ್ಪ,
ಕಳಕಪ್ಪ

ತಾ.ಕ.: ಅಸ್ಲಮ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದಾನೆ. ನಿನ್ನ ಅವ್ವ ಅವನಿಗೆ ಚಹಾ ತರಲು ಒಳಗೆ ಹೋಗಿದ್ದಾಳೆ, ಬರುವಷ್ಟರಲ್ಲಿ ಬರೆದು ಮುಗಿಸಬೇಕು. ನೀನು ಟೊಮೆಟೊ ಇಟ್ಟು ಬಂದೆ ಅಂದ ದಿನ ಅವಳು ದೇವರ ಮುಂದೆ ನಿಂತು ಟೊಮೆಟೊ ಬಿಟ್ಟಿದ್ದಾಳೆ. ಕಾಶಿಗೆ ಹೋದವರು ಒಂದು ಕಾಯಿಪಲ್ಯ ಬಿಟ್ಟು ಬರುತ್ತಾರಲ್ಲ, ಇವಳು ಕುಷ್ಟಗಿಯಲ್ಲೇ ಬಿಟ್ಟಳು. “ಮಗಳು ತಿನ್ನೋತನಕ ಈ ಮನಿಯಾಗ ಯಾರೂ ತಿನ್ನಂಗಿಲ್ಲ” ಎಂದು ನನ್ನನ್ನೂ ಸೇರಿಸಿ ಹರಕೆ ಹೊತ್ತಿದ್ದಾಳೆ. ಅಂಗಡಿಯ ಮುಂದೆ ಬುಟ್ಟಿ ತುಂಬ ಟೊಮೆಟೊ ಮಾರುವ ನಾನು ಮನೆಗೆ ಬಂದು ಹುಣಸೆಹುಳಿ ಸಾರು ಉಣ್ಣುತ್ತಿದ್ದೇನೆ. ನಿನಗೆ ತಿಳಿಸಬಾರದು ಎಂದು ಆಣೆ ಹಾಕಿಸಿಕೊಂಡಿದ್ದಾಳೆ. “ಗೊತ್ತಾದ್ರ ನಮ್ಮ ಸಲುವಾಗಿ ತಿಂತಾಳ, ತನ್ನ ಸಲುವಾಗಿ ತಿನ್ನಂಗಿಲ್ಲ” ಅಂದಳು. ಅವಳ ಮಾತು ಖರೆ ಇರಬಹುದು. ಆದರೂ ಮೊದಲು ನಮ್ಮ ಸಲುವಾಗಿಯೇ ತಿನ್ನವ್ವಾ, ನಿನ್ನ ಸಲುವಾಗಿ ತಿನ್ನುವುದು ಆಮೇಲೆ ರೂಢಿಯಾಗುತ್ತದೆ. ಈ ಪತ್ರ ಮುಟ್ಟಿದ ಮೇಲೆ ಬರುವ ಭಾನುವಾರ ದರ ಹೇಳಬೇಡ. ಫೋನು ಹಿಡಿದು, ಅವ್ವನಿಗೆ ಕಾಣುವ ಹಾಗೆ, ಒಂದು ಟೊಮೆಟೊ ಕಚ್ಚು. ಇಲ್ಲಿ ನಾನು ಬುಟ್ಟಿಯೊಳಗಿನ ಒಳ್ಳೆಯವು ನಾಲ್ಕು ಆರಿಸಿ ಕೈಯಲ್ಲಿ ಹಿಡಿದುಕೊಂಡು, ಅವಳ ಬೆನ್ನ ಹಿಂದೆ ನಿಂತಿರುತ್ತೇನೆ.