ಹುಳಿಕಳೆಯ ಬಕೆಟ್

ಮಾರ್ಚ್ 4, ಬೆಳಿಗ್ಗೆ 11
ಒಣಗಲು ಹಾಕಿದ ಕಡಲಪಾಚಿಯ ಮೇಲೆ ನೊಣಗಳು ಸತ್ತು ಬಿದ್ದಿವೆ. ಹನ್ನೊಂದನೇ ಚಾಪೆಯೊಂದರಲ್ಲೇ ನಲವತ್ತಕ್ಕೂ ಹೆಚ್ಚು. ಹೇಳಿದ್ದು ತಂಗಿ, ಒಣಗಿಸುವ ಅಂಗಳದಿಂದ ಫೋನ್ ಮಾಡಿ.

"ಈ ಸಲ ನೊಣ ಓಡಿಸೋ ಕೆಲಸಾನೇ ಇಲ್ಲ ಕಣೇ ಅಕ್ಕ. ಬರ್ತವೆ, ಕೂರ್ತವೆ, ಕಾಲು ಮೇಲೆ ಮಾಡ್ತವೆ."

ನಕ್ಕೆ. ಹೋಗಿ ನೋಡಿದೆ. ಬೆಳೆಯ ನಡುವೆ ಕುಚ್ಚು ಕುಚ್ಚಾದ ಕೆಂಪು ಕಳೆ. ಕಡಲಲ್ಲಿ ಪಾಚಿ ಬೆಳೆಸುವ ಹಗ್ಗಗಳ ಮೇಲೆ ಈ ವರ್ಷ ಹೊಸದಾಗಿ ಹಬ್ಬಿದ್ದು. ಪಾಚಿ ಮೇಯುವ ಮೀನುಗಳೂ ಅದನ್ನು ಮುಟ್ಟುವುದಿಲ್ಲವಂತೆ. ಓಡಲಾಗದ ಗಿಡ... ಮೇಯಲು ಬಂದವರನ್ನು ದೂರವಿಡಲು ಏನೋ ರಸ ಮಾಡಿಕೊಂಡಿರಬೇಕು. ಎಂಥ ರಸ ಎಂದು ಕಂಡುಹಿಡಿಯುವುದು ಲ್ಯಾಬಿನ ಕೆಲಸ. ಅಂದರೆ ನನ್ನದು.

ಮಾರ್ಚ್ 5, ಸಂಜೆ
ದೋಣಿಯಲ್ಲಿ ಹೋಗಿ ಸ್ಯಾಂಪಲ್ ತಂದೆ. ಕೆಂಪು ಕಳೆ, ಬೆಳೆ, ತಳದ ಕಂದು ಹುಳಿಕಳೆ. ಒಂದು ಬಕೆಟ್ ಒಡೆದಿತ್ತು. ಮೂರನ್ನೂ ಇನ್ನೊಂದಕ್ಕೇ ತುಂಬಿದೆ.

ತಳಕ್ಕಿಳಿದು ಕಿತ್ತುಕೊಟ್ಟ ಮುಳುಗುಗಾರ ಗೊಣಗಿದ. "ಹುಳಿಕಳೇನ ಯಾರ ಜೊತೇಲೂ ಹಾಕ್ಬಾರ್ದು ಮೇಡಂ. ಸಾಯೋವಾಗ ಆಸಿಡ್ ಕಕ್ಕುತ್ತೆ. ತಾನೂ ಕರಗಿ ಪಕ್ಕದೋರನ್ನೂ ಕರಗಿಸುತ್ತೆ."

"ದಡಕ್ಕೆ ಅರ್ಧ ಗಂಟೆ ತಾನೇ?" ಎಂದೆ.

ಎಂಜಿನ್ ಕೆಟ್ಟಿತು. ಮೂರು ಗಂಟೆ ಬಿಸಿಲಲ್ಲಿ. ಬಕೆಟ್ ತೆರೆದರೆ ಕೆಂಪು ಕಳೆ ಬಿಳಿಚಿಕೊಂಡಿತ್ತು. ಮತ್ತೆ ದೋಣಿ ಸಿಗುವುದು ವಾರದ ಮೇಲೆ. ಇದ್ದುದನ್ನೇ ಅರೆದು ಮಷೀನಿಗೆ ಕೊಟ್ಟೆ.

ಮಾರ್ಚ್ 7
ಫಲಿತಾಂಶ — ವಿಷ ಪತ್ತೆಯಾಗಿಲ್ಲ. ಸಹಿ ಹಾಕಿದೆ. ಬಕೆಟ್ಟಿನ ವಿಷಯ ಬರೆಯಲಿಲ್ಲ.

ತಂಗಿಗೆ ನಾನೇ ಫೋನ್ ಮಾಡಿದೆ. ಅಂಗಳದಲ್ಲಿ ರುಚಿ ನೋಡುವವಳು ಅವಳು. ಚೀಲ ತುಂಬುವ ಮೊದಲು ಪ್ರತಿ ಚಾಪೆಯಿಂದ ಒಂದು ಚಿಟಿಕೆ ಅಗಿದು ಉಪ್ಪು ಎಷ್ಟು, ತೇವ ಎಷ್ಟು ಹೇಳಬೇಕು. ನೊಣ ಸತ್ತಂದಿನಿಂದ ಅಗಿದು ಉಗುಳುತ್ತಿದ್ದಳಂತೆ.

"ನೀನೇ ಓಕೆ ಅಂದ್ಮೇಲೆ ಇನ್ನೇನು? ನುಂಗ್ತೀನಿ ಬಿಡು. ಮಧ್ಯಾಹ್ನದ ಊಟ ಉಳೀತು."

ಮಾರ್ಚ್ 12, ಬೆಳಿಗ್ಗೆ 10
ತಂಗಿಯ ಫೋನ್. ಎರಡು ದಿನದಿಂದ ವಾಂತಿಯಂತೆ.

"ಅಕ್ಕ, ಒಂದು ವಿಚಿತ್ರ ಹೇಳ್ತೀನಿ ಕೇಳು. ಚಾಪೆ ಮೇಲೆ ನೊಣ ಸತ್ತು ಬಿದ್ದಿವೆ."

"ಹೋದ ವಾರವೇ ಹೇಳಿದ್ಯಲ್ಲೇ."

"ನಾನಾ? ಹೋಗೇ, ತಮಾಷೆ ಮಾಡ್ಬೇಡ."

ಹತ್ತು ನಿಮಿಷಕ್ಕೆ ಮತ್ತೆ ಫೋನ್. ಮತ್ತೆ ಅದೇ ಮಾತು, ಅದೇ ನಗು.

ಲ್ಯಾಬಿನ ಕೈಪಿಡಿ ತೆಗೆದೆ. ಕೆಂಪು ಕಳೆಗಳಲ್ಲಿ ಇಂಥ ವಿಷವೊಂದುಂಟು — ಹುಳು, ನೊಣ ಕೊಲ್ಲುತ್ತದೆ. ಮನುಷ್ಯರಿಗೆ ಮೊದಲು ವಾಂತಿ, ಆಮೇಲೆ ಮರೆವು. ಕೆಳಗೆ ಸಣ್ಣ ಅಕ್ಷರದಲ್ಲಿ: ಸ್ಯಾಂಪಲ್ ಆಮ್ಲದಿಂದ ದೂರವಿಡಿ, ವಿಷ ಒಡೆದುಹೋಗಿ ಪರೀಕ್ಷೆಗೆ ಸಿಗುವುದಿಲ್ಲ.

ಅವಳ ಗಂಡನಿಗೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಲು ಹೇಳಿದೆ. ಚಾಪೆಯಿಂದಲೇ ಹೊಸ ಸ್ಯಾಂಪಲ್ ತಂದು ಮಷೀನಿಗೆ ಕೊಟ್ಟೆ.

ಮಾರ್ಚ್ 13, ಮಧ್ಯಾಹ್ನ 3. ಆಸ್ಪತ್ರೆ
ಏನೇನು ತಿಂದಿದ್ದಳೆಂದು ಡಾಕ್ಟರ್ ಪಟ್ಟಿ ಮಾಡಿಕೊಂಡರು. ಕಡಲಪಾಚಿ ಎಂದೂ ಬರೆದರು. ಅಷ್ಟು ಹೊತ್ತು ತನ್ನ ಮಗಳ ಹೆಸರು ಕೇಳಿದರೂ ನೆನಪಾಗದೆ ಸೀಲಿಂಗ್ ನೋಡುತ್ತಿದ್ದ ತಂಗಿ, ಪಾಚಿ ಎಂದದ್ದೇ ತಟ್ಟನೆ ಎದ್ದು ಕೂತಳು.

"ಪಾಚಿ ಬಿಟ್ಬಿಡಿ ಡಾಕ್ಟ್ರೇ. ನಮ್ಮಕ್ಕಾನೇ ಟೆಸ್ಟ್ ಮಾಡಿದ್ದಾಳೆ. ಅದ್ರಲ್ಲಿ ಏನೂ ಇಲ್ಲ."

ಡಾಕ್ಟರ್ ನನ್ನತ್ತ ನೋಡಿದರು. ಅವಳ ಗಂಡನೂ ನೋಡಿದ. ಹೊಸ ಫಲಿತಾಂಶ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ.

ಡಾಕ್ಟರ್ ಪಟ್ಟಿಯಲ್ಲಿದ್ದ ಪಾಚಿಯ ಮೇಲೆ ಗೀಟು ಎಳೆದರು.

ಮಾರ್ಚ್ 14, ಬೆಳಿಗ್ಗೆ 7.40
ಹೊಸ ಫಲಿತಾಂಶ ಬಂದಿದೆ. ವಿಷ ಸುರಕ್ಷಿತ ಮಿತಿಗಿಂತ ಮೂವತ್ತೊಂದು ಪಟ್ಟು.

ಅಂಗಳದ ಮೇಸ್ತ್ರಿಗೆ ಫೋನ್ ಮಾಡಿ ಚೀಲ ತಡೆಯಿರಿ ಎಂದೆ.

"ನಿನ್ನೆ ಸಂಜೇನೇ ಹೋಯ್ತಲ್ಲ ಮೇಡಂ. ನಿಮ್ಮ ರಿಪೋರ್ಟ್ ಅಂಟಿಸೇ ಕಳ್ಸಿದ್ದು."

ಲಾರಿ ವಾಪಸ್ ಕರೆಸಿ ಎಂದೆ. ನೋಡ್ತೀನಿ ಎಂದ.

ವಾರ್ಡಿನಿಂದ ಫೋನ್ — ಬೆಳಗಿನ ಜಾವ ತಂಗಿಗೆ ಫಿಟ್ಸ್ ಬಂದಿದೆ. ಈಗ ಯಾರ ಗುರುತೂ ಹಿಡಿಯುತ್ತಿಲ್ಲ.

ಎರಡೂ ರಿಪೋರ್ಟ್ ಬ್ಯಾಗಿನಲ್ಲಿವೆ. ಒಂಬತ್ತಕ್ಕೆ ಡಾಕ್ಟರ್ ರೌಂಡ್ಸ್.