ಗುಂಗುರು ಕೂದಲಿಗೆ ಸುತ್ತಿದ ಬನಿಯನ್

ತೋಲ್ಪೆಟ್ಟಿ
12 ಫೆಬ್ರವರಿ 2024, ಸೋಮವಾರ

ಪ್ರೀತಿಯ ನಾದಿನಿ ಬೊಳ್ಳಿಗೆ,

ನೀನು, ನಿನ್ನ ಮನೆಯವರು, ಮಕ್ಕಳು ಹುಷಾರಾಗಿದ್ದೀರೆಂದು ತಿಳಿದಿದ್ದೇನೆ. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕಾಡಿಗೆ ಬೆಂಕಿ ಹಬ್ಬದ ಹಾಗೆ ಫಾರೆಸ್ಟಿನವರ ಬೆಂಕಿ ಲೈನ್ ಸವರುವ ಕೆಲಸ ನಡೆಯುತ್ತಿದೆ, ಸಂಜೆಗೆ ಕೈ ಎತ್ತಲಾಗುವುದಿಲ್ಲ. ಫೋನ್ ಬಿಟ್ಟು ಕಾಗದ ಯಾಕೆ ಎಂದು ಹೆದರಬೇಡ. ಫೋನಿನಲ್ಲಿ ಮಾತಾಡಿದರೆ ಇಲ್ಲಿ ನಾಲ್ಕು ಮನೆಗೆ ಕೇಳುತ್ತದೆ. ಮಗಳು ಅಂಬಿಳಿ ಓದಿದ್ದು ಮಲಯಾಳ. ಕನ್ನಡ ಮಾತಾಡುತ್ತಾಳೆ, ಅಕ್ಷರ ಬರುವುದಿಲ್ಲ. ಕುಟ್ಟದ ಶಾಲೆಯಲ್ಲಿ ನಿನ್ನ ಪಕ್ಕ ಕುಳಿತು ಐದನೆಯವರೆಗೆ ಕಲಿತದ್ದು ನನಗೆ ಈಗ ಉಪಯೋಗಕ್ಕೆ ಬಂತು. ಇದು ಅವಳ ಕೈಗೆ ಸಿಕ್ಕಿದರೂ ಓದಲಾರಳು. ತಪ್ಪುಗಳನ್ನು ತಿದ್ದಿಕೊಂಡು ಓದು.

ವಿಷಯ ಅವಳದ್ದೇ. ಕೇಣಿಚಿರದ ಬಟ್ಟೆ ಅಂಗಡಿಗೆ ಸೇರಿದ ಮೇಲೆ ಅಲ್ಲೇ ಹಾಸ್ಟೆಲಿನಲ್ಲಿರುತ್ತಾಳೆ, ರಜೆಗೆ ಬರುತ್ತಾಳೆ. ಅವಳ ಗುಂಗುರು ಕೂದಲು ನಿನಗೆ ಗೊತ್ತಲ್ಲ, ನಾನು ಬೆಳಿಗ್ಗೆ ಎಣ್ಣೆ ಸುರಿದು ಎಳೆದೆಳೆದು ಬಾಚಿ ಎರಡು ಜಡೆ ಹಾಕಿಯೇ ಶಾಲೆಗೆ ಕಳಿಸುತ್ತಿದ್ದೆ. ಈಗ ಎಣ್ಣೆಯ ಬಟ್ಟಲು ತಂದರೆ ಎದ್ದು ಹೋಗುತ್ತಾಳೆ. ಕೂದಲನ್ನು ಬಿಟ್ಟುಕೊಂಡೇ ಬಸ್ ಇಳಿಯುತ್ತಾಳೆ. ಚಹಾದಂಗಡಿಯ ನಾರಾಯಣನ್, "ಅಮ್ಮಾಳು, ಮಗಳು ಸಿನಿಮಾಕ್ಕೆ ಸೇರಿದ್ಲಾ? ನಮಗೂ ಒಂದು ಟಿಕೆಟ್ ಕೊಡಿಸು" ಎಂದು ಎಲ್ಲರ ಮುಂದೆ ಕೇಳಿದ. ನಾನು ತಲೆ ತಗ್ಗಿಸಿ ಬಂದೆ.

ಹೋದ ತಿಂಗಳು ಅವಳ ಚೀಲದಲ್ಲಿ ಒಂದು ಬಾಟಲಿ ಕಂಡಿತು. ಒಳಗೆ ಬಸವನಹುಳುವಿನ ಲೋಳೆಯಂಥದ್ದು. ನನಗೆ ಯಾವ್ಯಾವುದೋ ಮದ್ದು ನೆನಪಾಗಿ ಬಾಟಲಿ ಹಿಡಿದುಕೊಂಡೇ ಅವಳ ಮುಂದೆ ನಿಂತೆ.

"ಅಗಸೆ ಬೀಜ ಕುದಿಸಿ ಸೋಸಿದ್ದು ಅಮ್ಮೆ, ತಲೆಗೆ," ಎಂದಳು.

"ತಿನ್ನೋದನ್ನ ಯಾರಾದ್ರೂ ತಲೆಗೆ ಹಚ್ತಾರಾ?"

"ನಿನ್ನ ತೆಂಗಿನೆಣ್ಣೆ ಏನು, ತಿನ್ನೋದಲ್ವಾ?"

ಇವಳಿಗೆ ಮಾತು ಕಲಿಸಿದ್ದು ಯಾರು ಎಂದು ಅಂದೇ ಅನುಮಾನ ಹುಟ್ಟಿತು. ಆಮೇಲೆ ಬಾಟಲಿಯ ಕೆಳಗೆ ಒದ್ದೆ ಬಟ್ಟೆಯೊಂದು ಸಿಕ್ಕಿತು ಬೊಳ್ಳಿ. ಗಂಡಸಿನ ಬನಿಯನ್, ಹಳೆಯದು. ಮೂಸಿ ನೋಡಿದೆ. ದಾಸವಾಳದ ಎಲೆಯ ವಾಸನೆ, ಅದರ ಅಡಿಯಲ್ಲಿ ಬೀಡಿ.

"ಇದು ಯಾರ್ದು ಮೋಳೆ?" ಎಂದು ಮಗಳನ್ನು ಕೇಳಿದೆ.

"ಟವೆಲಲ್ಲಿ ಉಜ್ಜಿದ್ರೆ ಗುಂಗುರು ಹಿಂಜಿಹೋಗ್ತದೆ. ಬನಿಯನ್ ಮೆತ್ತಗೆ, ನೀರು ಹೀರ್ತದೆ. ಅಷ್ಟೇ."

"ಯಾಕೆ ಅಂತ ಕೇಳಿಲ್ಲ. ಯಾರ್ದು ಅಂತ ಕೇಳ್ದೆ."

"ಅಂಗಡಿಯಲ್ಲಿ ಬನಿಯನ್‌ಗೆ ಬರಗಾಲವಾ," ಎಂದು ಕಸಿದುಕೊಂಡು ಒಗೆಯಲು ಹೋದಳು. ಅಂಗಡಿಯ ಹೊಸ ಬನಿಯನ್ ಬೀಡಿ ಸೇದುತ್ತದೆಯೇ? ಅಂದಿನಿಂದ ಅನ್ನ ಸೇರಲಿಲ್ಲ. ಮದುವೆಯಾದವನೋ, ಕುಡುಕನೋ, ಹೊಟ್ಟೆ ಮುಂದೆ ಬಂದ ಮೇಲೆ ಕೈ ಬಿಡುವವನೋ ಎಂದು ಕತ್ತಿ ಬೀಸುವಾಗಲೂ ಅದೇ ಯೋಚನೆ.

ಮೊನ್ನೆ ಗುರುವಾರ ಕೆಲಸಕ್ಕೆ ಹೋಗದೆ ಬಸ್ ಹತ್ತಿದೆ. ಅವಳಿಗೆ ಹೇಳಲಿಲ್ಲ. ಅಂಗಡಿಯಲ್ಲಿ ಅವಳಿರಲಿಲ್ಲ. ಜೊತೆಗೆ ಕೆಲಸ ಮಾಡುವ ಗ್ರೀಷ್ಮ ಎಂಬ ಹುಡುಗಿ ನಗುತ್ತಲೇ, "ಇವತ್ತು ಅವಳ ತಲೆ ತೊಳೆಯೋ ದಿನ ಅಲ್ವಾ ಚೇಚಿ, ಊಟದ ಹೊತ್ತಿಗೇ ಅಚ್ಛನ ರೂಮಿಗೆ ಹೋದ್ಲು. ಮೆಣಸಿನ ಗೋಡೌನಿನ ಹಿಂದೆ," ಎಂದಳು.

ಯಾವ ಅಪ್ಪ? ನಿನ್ನ ಅಣ್ಣ ಮಾದನ್, ಮಗು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವಾಗ ಕೊಡಗಿನ ತೋಟಕ್ಕೆ ಕೆಲಸಕ್ಕೆಂದು ಹೋದವನು. ಬದುಕಿದ್ದಾನೋ ಇಲ್ಲವೋ ಎಂದು ಗೊತ್ತಿಲ್ಲದೆ ನಾನು ಕುಂಕುಮವನ್ನು ಇಡುವುದೋ ಬಿಡುವುದೋ ಎಂದು ದಿನ ಕಳೆದವಳು. ಗೋಡೌನ್ ಹುಡುಕಿಕೊಂಡು ಹೋಗಿ ಮೂಲೆಯಿಂದ ಇಣುಕಿದೆ. ಅವನೇ. ಗಡ್ಡ ಬೆಳ್ಳಗಾಗಿದೆ, ತಲೆಯ ಗುಂಗುರು ಮಾತ್ರ ಹಾಗೆಯೇ ಇದೆ. ಬೇರೆ ಹೆಂಗಸಿನ ಸೀರೆ ಒಣಗುತ್ತಿದೆಯಾ ಎಂದು ಹಗ್ಗದ ಉದ್ದಕ್ಕೂ ನೋಡಿದೆ. ಇರಲಿಲ್ಲ. ಇಲ್ಲದ್ದಕ್ಕೆ ಇನ್ನೂ ಸಿಟ್ಟು ಬಂತು; ಹಾಗಾದರೆ ಮನೆಗೆ ಬರಲು ಏನು ಅಡ್ಡಿಯಿತ್ತು? ಮಾತಾಡಿಸದೆ ಬಂದುಬಿಟ್ಟೆ.

ಬೊಳ್ಳಿ, ಒಂದು ಮಾತು ಕೇಳುತ್ತೇನೆ. ಹೋದ ಓಣಂ ರಜೆಯಲ್ಲಿ ಅಂಬಿಳಿ ನಿನ್ನ ಮನೆಯಲ್ಲಿ ಉಳಿದಿದ್ದಳು. ಎಣ್ಣೆ ಬೇಡ ಅನ್ನಲು ಶುರು ಮಾಡಿದ್ದು ಅಲ್ಲಿಂದ ಬಂದ ಮೇಲೆ. ಕೇಣಿಚಿರದಲ್ಲೇ ಕೆಲಸ ಬೇಕು ಎಂದು ಹಟ ಹಿಡಿದದ್ದೂ ಆಮೇಲೆಯೇ. ಅವನು ಎಲ್ಲಿದ್ದಾನೆಂದು ನಿನಗೆ ಯಾವಾಗಿನಿಂದ ಗೊತ್ತು? ಗೊತ್ತಿಲ್ಲ ಎಂದರೆ ನಂಬುತ್ತೇನೆ, ಆದರೆ ನಂಬಿದ ಮೇಲೂ ನಿದ್ದೆ ಬರುವುದಿಲ್ಲ. ಅದಕ್ಕೆ ನಿಜವನ್ನೇ ಬರೆ. ನಾನು ನೋಡಿದ್ದು ಅವಳಿಗೆ ತಿಳಿಯಬಾರದು, ತಿಳಿದರೆ ಮನೆಗೆ ಬರುವುದನ್ನೂ ಬಿಟ್ಟಾಳು.

ಕಾಗದವನ್ನು ಜೀಪು ಓಡಿಸುವ ಸುಧೀಶನ ಕೈಯಲ್ಲಿ ಕಳಿಸಿದ್ದೇನೆ. ಅಂಟಿಸಿದ್ದು ಬಿಚ್ಚಿದ ಹಾಗಿದ್ದರೆ ನನಗೆ ಹೇಳು. ನಿನ್ನ ಮಕ್ಕಳನ್ನು ಕಾಡಿನ ದೈವಗಳು ಕಾಯಲಿ, ನಿನ್ನ ಮೊಣಕಾಲು ನೋವು ಇಳಿಯಲಿ.

ನಿನ್ನ ಅತ್ತಿಗೆ,
ಅಮ್ಮಾಳು

ಮರೆತ ಮಾತು: ಮೇಲೆ ಎಲ್ಲವನ್ನೂ ಬರೆಯಲಿಲ್ಲ. ಅವಳು ಬಾಗಿಲ ಮುಂದೆ ಕಲ್ಲಿನ ಮೇಲೆ ಕುಳಿತಿದ್ದಳು, ಅವನು ಹಿಂದೆ ನಿಂತು ಒದ್ದೆ ಕೂದಲಿಗೆ ಬೆರಳು ಹಾಕಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುತ್ತಿದ್ದ. ಬಾಚಣಿಗೆಯೇ ಇಲ್ಲ. ಅವಳು ಕಣ್ಣು ಮುಚ್ಚಿ ಏನೋ ಹೇಳಿ ನಗುತ್ತಿದ್ದಳು. ನನ್ನ ಕೈಯಲ್ಲಿ ಆ ಮಗು ತಲೆ ಬಾಚಿಸಿಕೊಂಡು ನಕ್ಕದ್ದು ಒಂದು ದಿನವೂ ಇಲ್ಲ ಬೊಳ್ಳಿ, ಅತ್ತದ್ದೇ. ಬಿಟ್ಟು ಹೋದವನ ಕೈಗೆ ತಲೆ ಕೊಟ್ಟಿದ್ದಾಳೆ, ಸಾಕಿದವಳ ಕೈ ಕಂಡರೆ ಏಳುತ್ತಾಳೆ. ನಿನ್ನದೂ ಅದೇ ಕೂದಲು, ನಿನ್ನ ಅವ್ವ ಹೇಗೆ ಬಿಡಿಸುತ್ತಿದ್ದಳು, ನೀರು ಎಷ್ಟು, ಬೆರಳು ಯಾವ ಕಡೆಯಿಂದ, ಬಿಡಿಸಿ ಬರೆ. ಭಾನುವಾರದೊಳಗೆ ಬರಲಿ. ಅವತ್ತು ಅವಳು ಮನೆಗೆ ಬರುತ್ತಾಳೆ.